ಒಂದು ಕರೆ, ಕನ್ನಡದಲ್ಲೇ

ಕೋಥರೂಡಿನಲ್ಲಿ ತರಕಾರಿ ಕೊಳ್ಳಲು, ರಿಕ್ಷಾದವರ ಜೊತೆ ಮಾತಾಡಲು ನಮ್ಮ ಹರಕುಮುರುಕು ಮರಾಠಿ ಸಾಕು. ಆದರೆ "ನಮ್ಮವರು ಬೆಳಗಾದರೆ ಬಾಟಲಿ ಹುಡುಕುತ್ತಾರೆ" ಎಂದು ಹೇಳಿಕೊಳ್ಳಲು ತಾಯ್ನುಡಿಯೇ ಬೇಕು. ಊರಿಗೆ ಫೋನ್ ಮಾಡಿ ಹೇಳೋಣವೆಂದರೆ ಮರ್ಯಾದೆಯ ಪ್ರಶ್ನೆ. ಹೀಗೇ ವರ್ಷಗಳು ಉರುಳುತ್ತವೆ.

ನಿಮ್ಮೊಬ್ಬರ ಮನೆಯ ಕಥೆಯಲ್ಲ ಇದು. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಮದ್ಯಕ್ಕೆ ದಾಸರಾದ 38 ಜನರಲ್ಲಿ ಚಿಕಿತ್ಸೆ ಸಿಕ್ಕಿದ್ದು ಒಬ್ಬರಿಗೆ ಮಾತ್ರ.

ಹಾಗಾದರೆ ಯಾರಿಗೆ ಹೇಳುವುದು? ಎರಡು ನಂಬರುಗಳನ್ನು ಬರೆದಿಟ್ಟುಕೊಳ್ಳಿ. 14446 ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ. 14416 ಟೆಲಿ-ಮಾನಸ್. 2022ರ ಅಕ್ಟೋಬರ್ 10ರಂದು ಶುರುವಾದ ಈ ಸೇವೆಯ ಹಿಂದೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಇದೆ. ಹಗಲು ರಾತ್ರಿ ಲಭ್ಯ, ಉಚಿತ. ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ.

ಕುಡಿಯುವವರೇ ಕರೆ ಮಾಡಬೇಕೆಂದಿಲ್ಲ. ಹೆಂಡತಿ, ತಾಯಿ, ಮಗ ಯಾರಾದರೂ ಮಾಡಬಹುದು. ಆಪ್ತಸಲಹೆಗಾರರು ಮೊದಲು ಕೇಳಿಸಿಕೊಳ್ಳುತ್ತಾರೆ. ಎಷ್ಟು ದಿನದಿಂದ, ಎಷ್ಟು ಪ್ರಮಾಣ, ಮನೆಯಲ್ಲಿ ಹೊಡೆತ ಬಡಿತ ಇದೆಯೆ, ಎಲ್ಲವನ್ನೂ ಮುಚ್ಚಿಡದೆ ಹೇಳಿ. ಅಗತ್ಯವಿದ್ದರೆ ಮನೋವೈದ್ಯರ ಬಳಿಗೆ ದಾರಿ ತೋರಿಸುತ್ತಾರೆ.

ಒಂದು ಎಚ್ಚರಿಕೆ. ವರ್ಷಗಟ್ಟಲೆ ದಿನವೂ ವಿಪರೀತ ಕುಡಿದವರನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸಬೇಡಿ. ಮೊದಲ ಎರಡು ಮೂರು ದಿನಗಳಲ್ಲಿ ನಡುಕ, ಫಿಟ್ಸ್, ಭ್ರಮೆ ಬರಬಹುದು, ಪ್ರಾಣಕ್ಕೂ ಅಪಾಯ. ವೈದ್ಯರ ಕಣ್ಣೆದುರೇ ಬಿಡಿಸಬೇಕು. ಫಿಟ್ಸ್ ಬಂದರೆ ತಡಮಾಡದೆ 108ಕ್ಕೆ ಕರೆ ಮಾಡಿ.

ಫೋನಿನ ನಂತರದ ಹೆಜ್ಜೆಗೆ ನಮ್ಮ ಪುಣೆಯಲ್ಲೇ ಜಾಗವಿದೆ. ಡಾ. ಅನಿತಾ ಅವಚಟ್ ಮತ್ತು ಲೇಖಕ ಅನಿಲ್ ಅವಚಟ್ ದಂಪತಿ 1986ರಲ್ಲಿ ಯೆರವಡಾದಲ್ಲಿ 'ಮುಕ್ತಾಂಗಣ' ಕಟ್ಟಿದರು. ಸಾಹಿತಿ ಪು.ಲ. ದೇಶಪಾಂಡೆ ಅದಕ್ಕೆ ನೆರವಾದರು. ಇಂದು ಅವಚಟ್ ದಂಪತಿಯ ಮಗಳು ಮುಕ್ತಾ ಪುಣತಾಂಬೇಕರ್ ಅದನ್ನು ಮುನ್ನಡೆಸುತ್ತಿದ್ದಾರೆ. ಕೋಥರೂಡಿನವರಿಗೆ ವನಾಜ್‌ನಿಂದ ಯೆರವಡಾದವರೆಗೆ ಮೆಟ್ರೊ ಇದೆ.

ಫೋನಿಗೂ ವ್ಯಸನಮುಕ್ತಿಗೂ ಹಳೆಯ ನಂಟು. 1935ರ ಮೇ ತಿಂಗಳಲ್ಲಿ ಅಮೆರಿಕದ ಆಕ್ರನ್ ಊರಿನ ಹೋಟೆಲಿನಲ್ಲಿದ್ದ ಬಿಲ್ ವಿಲ್ಸನ್‌ಗೆ ಬಾರ್ ಕೈಬೀಸಿ ಕರೆಯುತ್ತಿತ್ತು. ಆತ ಫೋನ್ ಎತ್ತಿ, ಮಾತಾಡಲು ತನ್ನಂಥದೇ ಇನ್ನೊಬ್ಬ ಕುಡುಕನನ್ನು ಹುಡುಕಿದ. ಸಿಕ್ಕವರು ಡಾ. ಬಾಬ್ ಸ್ಮಿತ್. 'ಆಲ್ಕೊಹಾಲಿಕ್ಸ್ ಅನಾನಿಮಸ್' ಹುಟ್ಟಿದ್ದು ಅವರಿಬ್ಬರ ಭೇಟಿಯಿಂದ.

ಕರೆ ಮಾಡಿದ ಮಾತ್ರಕ್ಕೆ ಕುಡಿತ ಬಿಟ್ಟುಹೋಗುವುದಿಲ್ಲ. ಬಿಟ್ಟವರು ಮತ್ತೆ ಜಾರಲೂಬಹುದು. ಆಗ ಇನ್ನೊಮ್ಮೆ ಕರೆ ಮಾಡಿ. ಈ ಎರಡು ನಂಬರುಗಳನ್ನು ಇವತ್ತೇ ಕ್ಯಾಲೆಂಡರಿನ ಮೂಲೆಯಲ್ಲಿ ಬರೆದಿಡಿ. ನಿಮಗೆ ಬೇಡವಾದರೂ ಪಕ್ಕದ ಮನೆಯವರಿಗೆ ಬೇಕಾದೀತು.