ಕಲ್ಲಲ್ಲಿ ಮರಗೆಲಸ

ಫತೇಪುರ್ ಸಿಕ್ರಿಯಲ್ಲಿ ಮೊದಲು ಕಾಣುವುದು ಕೆಂಪು. ಎಳೆಬಿಸಿಲಿಗೆ ಹೊಸ ಹೆಂಚಿನ ಬಣ್ಣ, ಹೊತ್ತು ಇಳಿದ ಮೇಲೆ ಬೇಯಿಸಿ ಒಣಗಿಸಿದ ಅಡಿಕೆಯ ಬಣ್ಣ. ಊರು ನಿಂತಿರುವ ಗುಡ್ಡವೂ ಅದೇ ಮರಳುಗಲ್ಲಿನದು. ಹಾಗಾಗಿ ಬಂಡೆ ಎಲ್ಲಿ ಮುಗಿಯಿತು, ಅರಮನೆ ಎಲ್ಲಿ ಶುರುವಾಯಿತು ಎಂದು ದೂರದಿಂದ ತಿಳಿಯುವುದಿಲ್ಲ.

ಆಗ್ರಾದಿಂದ ಸುಮಾರು 37 ಕಿ.ಮೀ. ದೂರದ ಈ ಗುಡ್ಡದಲ್ಲಿ ಸೂಫಿ ಸಂತ ಸಲೀಂ ಚಿಷ್ತಿ ಇದ್ದರು. ಮಕ್ಕಳು ಉಳಿಯದ ಕೊರಗಿನಲ್ಲಿದ್ದ ಅಕ್ಬರ್ ಅವರ ಬಳಿ ಬಂದ. 1569ರಲ್ಲಿ ಮಗ ಹುಟ್ಟಿದಾಗ ಸಂತರ ಹೆಸರನ್ನೇ ಇಟ್ಟ. ಮುಂದೆ ಜಹಾಂಗೀರ್ ಆದವನು ಇವನೇ. 1571ರಲ್ಲಿ ಇಲ್ಲಿ ರಾಜಧಾನಿಯ ಕೆಲಸ ಮೊದಲಾಯಿತು. 1580ರಲ್ಲಿ ಬಂದ ಜೆಸ್ಯೂಟ್ ಪಾದ್ರಿ ಮೊನ್ಸೆರಾತೆ, ಬಾದಶಹನೇ ಕೆಲವೊಮ್ಮೆ ಕೂಲಿಯವರ ಜೊತೆ ಕಲ್ಲು ಒಡೆಯಲು ನಿಲ್ಲುತ್ತಿದ್ದನೆಂದು ಬರೆದಿದ್ದಾನೆ. ಇಲ್ಲಿ ಓಡಾಡುವಾಗ ಆ ಮಾತನ್ನು ನಂಬಬೇಕೆನಿಸುತ್ತದೆ. ಕಲ್ಲಿನ ಮೇಲೆ ಅಷ್ಟು ಪ್ರೀತಿಯಿಲ್ಲದವನು ಇದನ್ನು ಕಟ್ಟಿಸಲಾರ.

ಮೊಗಲರೆಂದರೆ ಕಮಾನು, ಗುಮ್ಮಟ ಎಂದುಕೊಂಡು ಬಂದವರನ್ನು ಪಂಚಮಹಲ್ ತಡೆದು ನಿಲ್ಲಿಸುತ್ತದೆ. ಬರೀ ಕಂಬಗಳ ಕಟ್ಟಡವದು. ಕೆಳಗೆ 84, ಅದರ ಮೇಲೆ 56, ಆಮೇಲೆ 20, 12, ತುತ್ತತುದಿಯಲ್ಲಿ 4. ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಹಾಸುಗಲ್ಲು. ನಮ್ಮ ತೊಟ್ಟಿಮನೆ ಕಟ್ಟಿದ ಬಡಗಿಯನ್ನು ಕರೆತಂದು ನಿಲ್ಲಿಸಿದರೆ ಒಂದೊಂದು ಭಾಗಕ್ಕೂ ಹೆಸರು ಹೇಳಿಯಾನು, ಅಷ್ಟು ಮರಗೆಲಸದ ರೀತಿ! ಗುಜರಾತ್, ರಾಜಸ್ಥಾನಗಳ ಶಿಲ್ಪಪರಂಪರೆಯ ಕೈಗುರುತು ಎಲ್ಲ ಕಡೆಯೂ ಇದೆ.

ದಿವಾನ್-ಎ-ಖಾಸ್ ಎಂದು ಕರೆಯುವ ಕಟ್ಟಡ ಹೊರಗಿನಿಂದ ಎರಡಂತಸ್ತು. ಒಳಗೆ ಹೋದರೆ ಎತ್ತರದ ಒಂದೇ ಕೋಣೆ. ನಟ್ಟನಡುವೆ ಒಂಟಿ ಕಂಬ. ಮೇಲೇರುತ್ತಾ ಅದು 36 ಬೋದಿಗೆಗಳಾಗಿ, ಗೊನೆಬಿಟ್ಟ ಬಾಳೆಯಂತೆ ಸುತ್ತಲೂ ಹರಡುತ್ತದೆ. ಅದರ ತಲೆಯ ಮೇಲಿನ ದುಂಡು ಜಗಲಿಯಿಂದ ನಾಲ್ಕು ಮೂಲೆಗಳಿಗೆ ನಾಲ್ಕು ಕಿರುಸೇತುವೆ. ಅಕ್ಬರ್ ಅಲ್ಲಿ ಕೂರುತ್ತಿದ್ದನೆಂದು ಮಾರ್ಗದರ್ಶಿಗಳು ಹೇಳುತ್ತಾರೆ, ವಿದ್ವಾಂಸರಲ್ಲಿ ಒಮ್ಮತವಿಲ್ಲ. ನಾನು ಕೂತವನನ್ನು ಮರೆತು ಆ ಭಾರ ಹೊತ್ತ ಕಂಬವನ್ನೇ ನೋಡುತ್ತಾ ನಿಂತೆ.

ಅನೂಪ್ ತಲಾವ್ ಕೊಳದ ಮೂಲೆಯಲ್ಲಿ 'ತುರ್ಕಿ ಸುಲ್ತಾನಾಳ ಮನೆ' ಎಂಬ ಪುಟ್ಟ ಕಟ್ಟಡವಿದೆ. ಸಿಕ್ರಿಯಲ್ಲಿ ಒಂದನ್ನೇ ನೋಡಲು ಸಮಯವಿದೆ ಎನ್ನುವವರಿಗೆ ನಾನು ತೋರಿಸುವುದು ಇದನ್ನೇ. ಗೋಡೆಯ ಕೆಳಪಟ್ಟಿಯ ತುಂಬ ಕಾಡು: ಗಿಡಮರ, ಹಣ್ಣು, ಹಕ್ಕಿ, ಮೃಗ. ಪೆಟ್ಟಿಗೆಯ ಮುಚ್ಚಳದ ಮೇಲೆ ಕೊರೆದಷ್ಟು ನವುರು. ಆದರೆ ಪ್ರಾಣಿಗಳ ತಲೆಗಳನ್ನು ಆಮೇಲೆ ಯಾರೋ ಉಳಿಯಿಟ್ಟು ಕೆತ್ತಿಹಾಕಿದ್ದಾರೆ. ಕಾಲುಗಳ ನಡಿಗೆ ಹಾಗೇ ಉಳಿದಿದೆ, ನೋಟ ಮಾತ್ರ ಇಲ್ಲ. ಅಲ್ಲಿ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

1585ರಲ್ಲಿ ಅಕ್ಬರ್ ವಾಯವ್ಯದ ಗಡಿ ನೋಡಿಕೊಳ್ಳಲು ಲಾಹೋರಿಗೆ ಹೊರಟ. ಆಸ್ಥಾನವೂ ಹಿಂದೆಯೇ ಹೋಯಿತು. ಆದರೂ ಊರು ಬಿಟ್ಟಿದ್ದಕ್ಕೆ ನೀರಿನ ಕೊರತೆಯೇ ಕಾರಣವೆಂಬ ಮಾತು ಇಂದಿಗೂ ಬಾಯಿಂದ ಬಾಯಿಗೆ ಹರಿದಾಡುತ್ತದೆ.

ಅರಮನೆ ಖಾಲಿಯಾದರೂ ಪಕ್ಕದ ಮಸೀದಿಯ ಅಂಗಳಕ್ಕೆ ಜನ ಬರುವುದು ನಿಲ್ಲಲಿಲ್ಲ. ಬುಲಂದ್ ದರ್ವಾಜಾದ ಕಡಿದಾದ ಮೆಟ್ಟಿಲು ಹತ್ತಿ ಒಳಗೆ ಕಾಲಿಟ್ಟರೆ, ಅಷ್ಟೂ ಕೆಂಪಿನ ನಡುವೆ ಸಲೀಂ ಚಿಷ್ತಿಯವರ ಬಿಳಿ ಅಮೃತಶಿಲೆಯ ಗೋರಿ. ಸೂರನ್ನು ಹೊತ್ತಿರುವುದು ಹಾವಿನಂತೆ ಬಳುಕಿದ ಬೋದಿಗೆಗಳು. ಒಳಗೆ ಜಾಲಂದ್ರದಿಂದ ಸೋಸಿಬಂದ ಬೆಳಕು ನೆಲದ ಮೇಲೆ ರಂಗೋಲಿಯ ಚುಕ್ಕಿಗಳಂತೆ ಬಿದ್ದಿದೆ. ಮಗು ಬೇಡಲು ಬಂದ ಹೆಂಗಸೊಬ್ಬಳು ಕಲ್ಲಿನ ಸಣ್ಣ ತೂತಿನೊಳಗೆ ಕೆಂಪು ದಾರ ತೂರಿಸುತ್ತಿದ್ದಾಳೆ. ತುದಿ ಆಚೆ ಬರುತ್ತಿಲ್ಲ. ಹೊರಗಿದ್ದ ಇನ್ನೊಬ್ಬಳು, ಗುರುತು ಪರಿಚಯವಿಲ್ಲದವಳು, ಅದನ್ನು ಬೆರಳಲ್ಲಿ ಹಿಡಿದೆಳೆದು ಪಕ್ಕದ ತೂತಿನಿಂದ ಮತ್ತೆ ಒಳಕ್ಕೆ ಕೊಟ್ಟಳು.