ಹತ್ತು ಡೋಸಿನ ಬಾಟಲಿ

"ಲಸಿಕೆ ದಿನ ನಿನ್ನೆಯೇ ಮುಗೀತಲ್ಲಮ್ಮ!" ಅಂದರು ಸಿಸ್ಟರ್.

"ಮದುವೆಗೆ ಹೋಗಿದ್ದೆ ಸಿಸ್ಟರ್. ಇವತ್ತು ಹಾಕಿಬಿಡಿ."

"ಲಸಿಕೆ ಪೆಟ್ಟಿಗೆ ನಿನ್ನೆ ಸಂಜೆಯೇ ಆಸ್ಪತ್ರೆಗೆ ವಾಪಸು ಹೋಯ್ತು."

"ಒಂದು ಸೂಜಿ ಮದ್ದಿಗೆ ಇಷ್ಟೊಂದು ಲೆಕ್ಕವಾ?"

ಹೌದು, ಲೆಕ್ಕ ಇದೆ. ಅದೇನು ನೋಡೋಣ.

ಕ್ಷಯಕ್ಕೆ ಹಾಕುವ ಬಿ.ಸಿ.ಜಿ. ಲಸಿಕೆ ಪುಡಿಯಾಗಿ ಬರುತ್ತದೆ. ಒಂದು ಬಾಟಲಿಯಲ್ಲಿ 10 ಡೋಸು. ಅದಕ್ಕೆ ದ್ರವ ಬೆರೆಸಿದ ಮೇಲೆ 4 ಗಂಟೆಯೊಳಗೆ ಬಳಸಬೇಕು. ಉಳಿದದ್ದನ್ನು ಎಸೆಯಬೇಕು. ಇಡ್ಲಿ ಹಿಟ್ಟಿನ ಹಾಗೆ ನಾಳೆಗೆ ಇಡುವಂತಿಲ್ಲ.

ನಾಲ್ಕು ಊರು ಇವೆ ಎನ್ನಿ. ಊರಿಗೆ 3 ಮಕ್ಕಳು. ಊರೂರಿಗೆ ಹೋದರೆ 4 ಬಾಟಲಿ ಒಡೆಯಬೇಕು. 12 ಡೋಸು ಮಕ್ಕಳಿಗೆ, 28 ಡೋಸು ಕಸಕ್ಕೆ. ಎಲ್ಲರನ್ನೂ ಒಂದೇ ಊರಿಗೆ ಕರೆಸಿದರೆ 2 ಬಾಟಲಿ ಸಾಕು. ಮದ್ದು ಉಳಿಯಿತು. ಆದರೆ ತಾಯಂದಿರ ಕೂಲಿ ಹೋಯಿತು. ಬಿಸಿಲಲ್ಲಿ ಕೂಸು ಹೊತ್ತು ನಡೆಯಬೇಕು. ಕೆಲವರು ಬರುವುದೇ ಇಲ್ಲ. ಆ ಮಗುವಿಗೆ ಲಸಿಕೆ ತಪ್ಪಿತು.

ಅದಕ್ಕೇ ಒಂದು ಮಗು ಬಂದರೂ ಬಾಟಲಿ ಒಡೆಯಿರಿ ಎಂದು ನಿಯಮ ಮಾಡಿದ್ದಾರೆ. ಬಿ.ಸಿ.ಜಿ.ಯಲ್ಲಿ ಅರ್ಧ ಪೋಲಾಗಬಹುದು ಎಂದು ಮೊದಲೇ ಲೆಕ್ಕ ಹಿಡಿಯುತ್ತಾರೆ. 10 ಮಕ್ಕಳಿಗೆ 20 ಡೋಸು ತರಿಸುತ್ತಾರೆ. ಇದು ಸರಿಯಾದ ಲೆಕ್ಕವೇ. ಮದ್ದನ್ನು ಮತ್ತೆ ತರಿಸಬಹುದು.

ಇಂಥ ಲೆಕ್ಕಕ್ಕೆ ಆಪರೇಷನ್ಸ್ ರಿಸರ್ಚ್ ಎನ್ನುತ್ತಾರೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಬೆಳೆದ ವಿದ್ಯೆ. ಆಪರೇಷನ್ ಅಂದರೆ ಇಲ್ಲಿ ಹೊಟ್ಟೆ ಕೊಯ್ಯುವುದಲ್ಲ! ಇರುವ ಮದ್ದು, ಜನ, ಗಾಡಿ, ಸಮಯ ಇವನ್ನು ಹೇಗೆ ಹಂಚಬೇಕು ಎಂದು ಲೆಕ್ಕ ಹಾಕುವುದು.

ದಾರಿಯ ಲೆಕ್ಕವೂ ಇದೆ. ಕಾರ್ಖಾನೆಯಿಂದ ರಾಜ್ಯದ ಉಗ್ರಾಣಕ್ಕೆ, ಅಲ್ಲಿಂದ ಜಿಲ್ಲೆಗೆ, ಆಮೇಲೆ ನಮ್ಮ ಆಸ್ಪತ್ರೆಗೆ. ಆಸ್ಪತ್ರೆಯಲ್ಲಿ ತಾಪ 2ರಿಂದ 8 ಡಿಗ್ರಿ ಇರಬೇಕು. ಬಿಸಿಯಾದರೆ ಲಸಿಕೆ ಕೆಡುತ್ತದೆ. ಕೆಲವು ಲಸಿಕೆ ಹೆಪ್ಪುಗಟ್ಟಿದರೂ ಕೆಡುತ್ತವೆ. ಪೆಂಟಾ ಲಸಿಕೆ ಅಂಥದ್ದು. ಅದಕ್ಕೇ ಸಿಸ್ಟರ್ ಐಸ್ ಪ್ಯಾಕನ್ನು ಸ್ವಲ್ಪ ಹೊತ್ತು ಹೊರಗೆ ಇಡುತ್ತಾರೆ. ಅಲ್ಲಾಡಿಸಿದಾಗ ಒಳಗೆ ನೀರಿನ ಸದ್ದು ಕೇಳಿದ ಮೇಲೆ ಪೆಟ್ಟಿಗೆಗೆ ಹಾಕುತ್ತಾರೆ.

ಯಾವ ಬಾಟಲಿ ಮೊದಲು ತೆಗೆಯಬೇಕು? ಮೊದಲು ಬಂದದ್ದಲ್ಲ. ಯಾವುದರ ಅವಧಿ ಮೊದಲು ಮುಗಿಯುತ್ತದೋ ಅದು. 2015ರಲ್ಲಿ ನಮ್ಮ ದೇಶದಲ್ಲಿ ಇವಿನ್ ಎಂಬ ವ್ಯವಸ್ಥೆ ಶುರುವಾಯಿತು. ಎಲ್ಲಿ ಎಷ್ಟು ಬಾಟಲಿ ಇದೆ, ಫ್ರಿಜ್ಜಿನ ತಾಪ ಎಷ್ಟು ಎಂದು ಮೊಬೈಲಿನಲ್ಲೇ ತಿಳಿಯಿತು.

ಸಿಸ್ಟರ್ ಪುಸ್ತಕ ತೆಗೆದರು. ಮಗುವಿನ ಹೆಸರು ಬರೆದುಕೊಂಡರು. "ಬರೋ ವಾರ ಪಕ್ಕದೂರಿಗೆ ಬರ್ತೀನಿ. ಅಲ್ಲಿಗೆ ಬಾಮ್ಮ."

"ನಮ್ಮ ಓರಗಿತ್ತಿ ಮಗೂಗೂ ಆಗಿಲ್ಲ ಸಿಸ್ಟರ್."

"ಅದರ ಹೆಸರೂ ಹೇಳು. ಇಬ್ಬರೂ ಜೊತೇಲಿ ಬನ್ನಿ."