ಹೊಗೆಸೊಪ್ಪಿನ ಬ್ಯಾರನ್ನಿಗೆ ಸೌದೆ: ಕೊಣನೂರು ಸೀಮೆಯ ಜಮೀನುದಾರರು ಗಮನಿಸಬೇಕಾದ ವಿಷಯ

ಕೊಣನೂರು ಸೀಮೆಯಲ್ಲಿ ಚಳಿಗೆಂದು ವಾಸದ ಮನೆಯನ್ನು ಕಾಯಿಸಿಕೊಳ್ಳುವ ಪದ್ಧತಿಯಿಲ್ಲ. ಬಚ್ಚಲಿನ ಹಂಡೆಯ ಒಲೆಗೆ ಬೇಕಾಗುವ ಉರುವಲನ್ನು ತೆಂಗಿನ ಗರಿ, ಮಟ್ಟೆ, ಬೇಲಿಯ ಪುಳ್ಳೆಗಳಿಂದಲೇ ಬಹುಮಟ್ಟಿಗೆ ಹೊಂದಿಸಿಕೊಳ್ಳಬಹುದು. ಆದರೆ ಹಗಲಿರುಳೆನ್ನದೆ ಐದಾರು ದಿವಸ ಒಂದೇ ಸಮನಾಗಿ ಕಾಯಿಸಲೇಬೇಕಾದ ಮನೆಯೊಂದು ಈ ಪ್ರಾಂತದ ಅನೇಕ ಗ್ರಾಮಗಳಲ್ಲಿ ಉಂಟು. ವರ್ಜೀನಿಯಾ ಹೊಗೆಸೊಪ್ಪನ್ನು ಬೇಯಿಸುವ ಬ್ಯಾರನ್ನೇ ಆ ಮನೆ. ಊರಿನ ಮರಗಳಿಗೆ ಕೊಡಲಿ ಬೀಳುವುದು ಹಂಡೆಯ ಒಲೆಯಿಂದಲ್ಲ, ಈ ಬ್ಯಾರನ್ನಿನ ಒಲೆಯಿಂದ.

ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ತಂಬಾಕು ಮಂಡಲಿಯ ಹರಾಜು ಕಟ್ಟೆಯಿರುವುದರಿಂದ ಕೊಣನೂರಿನ ಸುತ್ತಲಿನ ಬೆಳೆಗಾರರಿಗೆ ಈ ಬೆಳೆಯ ವಿಚಾರವು ಹೊಸದಲ್ಲ. 1975ನೆಯ ಇಸವಿಯ ಶಾಸನದಂತೆ ಏರ್ಪಟ್ಟು ಗುಂಟೂರಿನಲ್ಲಿ ಮುಖ್ಯ ಕಚೇರಿಯನ್ನುಳ್ಳ ಆ ಮಂಡಲಿಯಲ್ಲಿ ಬೆಳೆಗಾರನು ಹೆಸರನ್ನು ನೋಂದಾಯಿಸಿರಬೇಕು, ಬ್ಯಾರನ್ನಿಗೂ ಪರವಾನಗಿಯಿರಬೇಕು. ಇಷ್ಟು ಸರ್ವರಿಗೂ ತಿಳಿದದ್ದೇ. ಪರವಾನಗಿಯುಳ್ಳ ಬ್ಯಾರನ್ನಾದ ಮಾತ್ರಕ್ಕೆ ಅದರ ಒಲೆಗೆ ಯಾವ ಮರವನ್ನಾದರೂ ಹಾಕಬಹುದೆಂದು ತಿಳಿಯುವುದು ಮಾತ್ರ ದೊಡ್ಡ ತಪ್ಪು.

ಹಸಿ ಸೊಪ್ಪಿನ ತೂಕದಲ್ಲಿ ನೂರಕ್ಕೆ ಎಂಬತ್ತು ಪಾಲಿಗೂ ಮೇಲ್ಪಟ್ಟು ನೀರೇ ಇರುವುದು. ಒಲೆಯ ಬೆಂಕಿಯ ಮುಖ್ಯ ಕೆಲಸವೆಂದರೆ ಈ ನೀರನ್ನು ಹೊರಗೆ ಕಳಿಸುವುದು. ಮೊದಲು 90ರಿಂದ 100 ಡಿಗ್ರಿ ಫ್ಯಾರನ್‌ಹೀಟ್ ಶಾಖದಲ್ಲಿ ಸೊಪ್ಪು ಹಳದಿಗೆ ತಿರುಗಬೇಕು. ಬಳಿಕ ಶಾಖವನ್ನು ಮೆಲ್ಲಮೆಲ್ಲನೆ ಏರಿಸಿ ಬಣ್ಣವನ್ನು ನಿಲ್ಲಿಸಿ ಎಲೆಯನ್ನು ಒಣಗಿಸಬೇಕು. ಕೊನೆಗೆ ನಡುದಂಟು ಒಣಗಲು 160 ಡಿಗ್ರಿಯವರೆಗೂ ಕಾಯಿಸಬೇಕು. ಹಳೆಯ ಮಾದರಿಯ ಬ್ಯಾರನ್ನಿನಲ್ಲಿ ಒಂದು ಕಿಲೋ ಒಣ ಸೊಪ್ಪಿಗೆ ಸಾಧಾರಣವಾಗಿ ನಾಲ್ಕೈದು ಕಿಲೋ ಸೌದೆ ಖರ್ಚಾಗುವುದು. ಒಬ್ಬ ರೈತನು ಒಂದು ಹಂಗಾಮಿನಲ್ಲಿ 1,500 ಕಿಲೋ ಸೊಪ್ಪನ್ನು ಹದಗೊಳಿಸಿದನೆಂದಿಟ್ಟುಕೊಂಡರೆ ಆರರಿಂದ ಏಳೂವರೆ ಟನ್ ಸೌದೆಯಾಯಿತು. ಊರಿನಲ್ಲಿ ಇಪ್ಪತ್ತು ಬ್ಯಾರನ್ನುಗಳಿದ್ದರೆ ಲೆಕ್ಕವೆಷ್ಟಾಗುವುದೆಂಬುದನ್ನು ಗ್ರಾಮದ ಮುಖಂಡರೇ ಹಾಕಿಕೊಳ್ಳಬಹುದು.

ಸ್ವಂತ ಜಮೀನಿನ ಮರವಾದರೂ ಕಡಿಯುವುದಕ್ಕೆ 1976ನೆಯ ಇಸವಿಯ ಕರ್ನಾಟಕ ವೃಕ್ಷ ಸಂರಕ್ಷಣಾ ಶಾಸನದಂತೆ ವೃಕ್ಷಾಧಿಕಾರಿಯ ಅಪ್ಪಣೆಯು ಬೇಕು. ಸರ್ವೆ, ಗ್ಲಿರಿಸಿಡಿಯ, ಸುಬಾಬುಲ್ ಮೊದಲಾದ ಕೆಲವು ಜಾತಿಗಳಿಗೆ ಮಾತ್ರ ಈ ಅಪ್ಪಣೆಯಿಂದ ವಿನಾಯಿತಿಯುಂಟು. ಬದುವಿನ ಮೇಲಿನ ಮರವು ಆ ಪಟ್ಟಿಯಲ್ಲಿಲ್ಲದಿದ್ದರೆ ಅಪ್ಪಣೆಯಿಲ್ಲದೆ ಕಡಿಯುವಂತಿಲ್ಲ. ಕಾಯಿದೆಯ ಮಾತು ಹಾಗಿರಲಿ. ಹೊಂಗೆಯ ಮರವನ್ನು ಒಲೆಗೆ ಹಾಕುವವನು ವರ್ಷವರ್ಷವೂ ಗದ್ದೆಗೆ ದೊರೆಯುತ್ತಿದ್ದ ಹಸುರೆಲೆ ಗೊಬ್ಬರವನ್ನೂ ಬೀಜದ ಎಣ್ಣೆಯನ್ನೂ ಹಿಂಡಿಯನ್ನೂ ಒಂದೇ ವಾರದಲ್ಲಿ ಸುಟ್ಟಂತಾಯಿತು. ಹೊರಗಿನಿಂದ ಲಾರಿಯಲ್ಲಿ ಸೌದೆ ತರಿಸುವವರು ಅದರ ರಹದಾರಿಯ ವಿಚಾರವನ್ನು ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಮುಂಗಡವಾಗಿಯೇ ತಿಳಿದುಕೊಳ್ಳುವುದು ಲೇಸು.

ಸೌದೆಯ ಬೆಲೆಗೆ ಹೆದರಿ ಮೋಟಾರು ಕಾರ್ಖಾನೆಗಳಲ್ಲಿ ಸುರಿಯುವ ಕರಿ ಎಣ್ಣೆಯನ್ನೋ ಹಳೆಯ ಟೈರುಗಳನ್ನೋ ಉರಿಸಿದರಾಗದೆ ಎಂಬ ಆಲೋಚನೆ ಕೆಲವರಿಗೆ ಬರುವುದು ಸಹಜ. ಇದು ಸಲ್ಲದು. ಬಳಸಿದ ಇಂಜಿನ್ ಎಣ್ಣೆಯು 2016ನೆಯ ಇಸವಿಯ ಕೇಂದ್ರ ಸರ್ಕಾರದ ನಿಯಮಗಳಂತೆ ಅಪಾಯಕಾರಿ ತ್ಯಾಜ್ಯಗಳಲ್ಲಿ ಸೇರಿದೆ. ಅದು ಅಧಿಕೃತ ಶುದ್ಧೀಕರಣಗಾರರಿಗೆ ಸೇರಬೇಕಾದ ವಸ್ತು, ರೈತನ ಒಲೆಗಲ್ಲ. ಅದರ ಹೊಗೆಯಲ್ಲಿ ಸೀಸ ಮುಂತಾದ ಲೋಹಗಳ ಅಂಶವಿರುವುದು. ಮಸಿಯು ಕೊಳವೆಯೊಳಗೆ ಕಟ್ಟಿಕೊಂಡು ಶಾಖವನ್ನು ತಡೆಯುವುದು. ಕೊಳವೆಯ ಒಂದು ಸಂದು ಬಿಟ್ಟರೂ ಆ ಹೊಗೆ ಒಳಗೆ ನುಗ್ಗಿ ಸೊಪ್ಪೆಲ್ಲವೂ ವಾಸನೆ ಹಿಡಿಯುವುದು. ಅಂತಹ ಸೊಪ್ಪಿಗೆ ಹರಾಜು ಕಟ್ಟೆಯಲ್ಲಿ ಯಾರು ಕೂಗುವರು?

ಉಳಿತಾಯದ ದಾರಿಯು ಬ್ಯಾರನ್ನಿನಲ್ಲಿಯೇ ಇದೆ. ಶಾಖವು ಮೇಲೇರುವುದರಿಂದ ಮಾಡಿನ ಕೆಳಗೆ ಒಣ ಭತ್ತದ ಹುಲ್ಲನ್ನು ದಪ್ಪನಾಗಿ ಹಾಸಿ ತಡೆಕಟ್ಟಿದರೆ ವ್ಯರ್ಥವಾಗುವ ಶಾಖದಲ್ಲಿ ಒಳ್ಳೆಯ ಭಾಗವು ಒಳಗೇ ನಿಲ್ಲುವುದು. ಗೋಡೆಯ ಬಿರುಕು, ಬಾಗಿಲ ಸಂದುಗಳನ್ನು ಹಂಗಾಮಿಗೆ ಮುಂಚೆಯೇ ಮಣ್ಣಿನಿಂದ ಮೆತ್ತಬೇಕು. ಒಲೆಗೆ ಕಬ್ಬಿಣದ ಸರಳಿನ ಜಾಲರಿಯನ್ನಿಟ್ಟರೆ ಕೆಳಗಿನಿಂದ ಗಾಳಿಯಾಡಿ ಸೌದೆಯು ಇದ್ದಿಲಾಗಿ ಉಳಿಯದೆ ಪೂರಾ ಉರಿಯುವುದು. ಸೊಪ್ಪು ಹಳದಿಯಾಗುವ ಹೊತ್ತಿನಲ್ಲಿ ಗಾಳಿಕಿಂಡಿಗಳನ್ನು ತೆರೆದಿಟ್ಟು ಒಲೆ ಉರಿಸುವುದು ಬಯಲನ್ನು ಕಾಯಿಸಿದಂತೆಯೇ ಸರಿ. ಶಾಖಮಾಪಕವಿಲ್ಲದೆ ಕೈ ಅಂದಾಜಿನಿಂದ ಬೇಯಿಸುವವರು ಇನ್ನೂ ಇದ್ದಾರೆ. ಆ ಅಂದಾಜಿಗೆ ತೆರುವ ಬೆಲೆಯಲ್ಲಿ ಎಷ್ಟೋ ಮಾಪಕಗಳು ಬರುವುವು.

ಇವೆಲ್ಲಕ್ಕಿಂತಲೂ ಮುಖ್ಯವಾದ ಇನ್ನೊಂದು ವಿಷಯವನ್ನು ಬೆಳೆಗಾರರು ಅಲಕ್ಷ್ಯಮಾಡುತ್ತಾರೆ. ಈ ಸೀಮೆಯಲ್ಲಿ ಸೊಪ್ಪು ಬೇಯಿಸುವುದು ಮುಂಗಾರಿನ ಮಳೆ ಹಿಡಿದಿರುವ ತಿಂಗಳುಗಳಲ್ಲಿ. ಆಗ ಕಡಿದು ತಂದ ಹಸಿ ಸೌದೆಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ನೀರು. ಸೊಪ್ಪಿನ ನೀರನ್ನು ತೆಗೆಯಬೇಕಾದ ಬೆಂಕಿಯು ಸೌದೆಯ ನೀರನ್ನು ತೆಗೆಯುವುದರಲ್ಲಿಯೇ ಸೋಲುವುದು. ಮಾಘ ಫಾಲ್ಗುಣಗಳಲ್ಲಿಯೇ ಸೌದೆಯನ್ನು ಸೀಳಿ, ಗಾಳಿಯಾಡುವಂತೆ ಅಡ್ಡಡ್ಡ ಪೇರಿಸಿ, ಮಳೆಗೆ ಮೊದಲು ಮೇಲೆ ಮಾಡು ಹೊದಿಸಿದರೆ ಅದೇ ಗಾಡಿ ಸೌದೆಯಿಂದ ಬಹಳ ಹೆಚ್ಚಿನ ಕೆಲಸವಾಗುವುದು. ತೆಂಗಿನ ಮಟ್ಟೆ, ಕಾಫಿಯ ಸಿಪ್ಪೆ, ಕೃಷಿ ಕಸವನ್ನೊತ್ತಿ ಮಾಡಿದ ಇಟ್ಟಿಗೆಗಳನ್ನೂ ಸೌದೆಯ ಜೊತೆಗೆ ಉರಿಸಬಹುದು.

ಸೌದೆಯನ್ನು ತಾವೇ ಬೆಳೆದುಕೊಳ್ಳುವ ಜಮೀನುದಾರರಿಗೆ ಬದುಗಳಲ್ಲಿ ಗ್ಲಿರಿಸಿಡಿಯವು ಬಹಳ ಅನುಕೂಲ. ಸೊಪ್ಪು ಗೊಬ್ಬರಕ್ಕಾಗುವುದು, ಕೊಂಬೆ ಒಲೆಗಾಗುವುದು, ಸವರಿದ ಮೇಲೆ ಮತ್ತೆ ಚಿಗುರುವುದು. ಸರ್ವೆಯು ನಾಲ್ಕೈದು ವರ್ಷಗಳಲ್ಲಿ ಕಟಾವಿಗೆ ಬರುವುದು. ನೀಲಗಿರಿಯ ವಿಷಯದಲ್ಲಿ ಮಾತ್ರ ಎಚ್ಚರಿಕೆ ಬೇಕು: ಹೊಸದಾಗಿ ಅದನ್ನು ನೆಡುವುದನ್ನು ರಾಜ್ಯ ಸರ್ಕಾರವು 2017ರಲ್ಲಿ ನಿಷೇಧಿಸಿತು.

ಇನ್ನು ಬೆಂಕಿಯ ಅಪಾಯ. ನಡುದಂಟು ಒಣಗುವ ಕಡೆಯ ರಾತ್ರಿಯಲ್ಲಿ ಒಲೆ ಜೋರಾಗಿರುವುದು, ಕಾವಲಿನವನಿಗೆ ನಿದ್ರೆಯೂ ಜೋರಾಗಿರುವುದು. ಕಡ್ಡಿಯಿಂದ ಜಾರಿದ ಒಂದು ಒಣ ಎಲೆ ಕಾದ ಕೊಳವೆಯ ಮೇಲೆ ಬಿದ್ದರೆ ಬ್ಯಾರನ್ನೂ ಒಳಗಿನ ಸೊಪ್ಪೂ ಉಳಿಯುವುದಿಲ್ಲ. ಕೊಳವೆಗಳ ಮೇಲ್ಗಡೆ ತಂತಿಯ ಬಲೆಯನ್ನು ಕಟ್ಟಿ, ಸೊಪ್ಪನ್ನು ಕಡ್ಡಿಗೆ ಬಿಗಿಯಾಗಿ ಕಟ್ಟಿಸಿ, ಆ ರಾತ್ರಿ ಇಬ್ಬರು ಸರದಿಯಲ್ಲಿ ಎಚ್ಚರವಾಗಿರುವಂತೆ ಏರ್ಪಡಿಸತಕ್ಕದ್ದು. ಒಲೆಯ ಬಾಯಿಗೂ ಸೌದೆಯ ರಾಶಿಗೂ ನಡುವೆ ಸಾಕಷ್ಟು ಬಯಲನ್ನು ಬಿಟ್ಟು, ಪಕ್ಕದಲ್ಲಿ ನೀರು ತುಂಬಿದ ಪೀಪಾಯಿಯನ್ನು ಇಡಿಸತಕ್ಕದ್ದು.